ಪ್ಯಾಂಕ್ರಿಯಾಸ್ ಕ್ಯಾನ್ಸರ್: ಚಿಕಿತ್ಸೆ, ಸ್ಟೆಂಟ್, ಊಟ, ನೋವಿನ ಮದ್ದು – ಮನೆಯವರು ಏನನ್ನು ಹೇಗೆ ತೂಗಿ ನೋಡಬೇಕು

ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್ ಎಂದು ಖಚಿತವಾದ ಮೊದಲ ಕೆಲವೇ ದಿನಗಳಲ್ಲಿ ಮನೆಯವರ ಮೇಲೆ ತೀರ್ಮಾನಗಳು ಒಂದರ ಹಿಂದೆ ಒಂದು ಬಂದು ಬೀಳುತ್ತವೆ. ಮೊದಲು ಆಪರೇಷನ್ನೋ ಕೀಮೋನೋ, ಕಾಮಾಲೆಗೆ ಕಟ್ಟಿದ ಪಿತ್ತನಾಳವನ್ನು ತೆರೆದಿಡುವ ಕೊಳವೆ (ಸ್ಟೆಂಟ್) ಪ್ಲಾಸ್ಟಿಕ್ಕಿನದೋ ಲೋಹದ್ದೋ, ನಾಲ್ಕು ಔಷಧದ ಕೀಮೋನೋ ಎರಡರದ್ದೋ. ಎಲ್ಲರೂ ಮೊದಲು ಕೇಳುವುದು ಯಾವುದು ಹೆಚ್ಚು ಜೋರು ಎಂದು. ಅದರ ಜೊತೆಗೇ ಇನ್ನೆರಡನ್ನು ಕೇಳಿ: ಈ ದೇಹ ಇದನ್ನು ನಡುವೆ ಕೈಬಿಡದೆ ತಾಳಿಕೊಳ್ಳುತ್ತದೆಯೇ? ಇದು ಬೇಡುವ ದಿನಚರಿಯನ್ನು ಮನೆಯಲ್ಲಿರುವವರು ನಡೆಸಬಲ್ಲರೇ? ಅರ್ಧಕ್ಕೆ ನಿಂತ ಜೋರು ಚಿಕಿತ್ಸೆಗಿಂತ ಪೂರ್ತಿಯಾಗಿ ಸಿಕ್ಕ ಸೌಮ್ಯ ಚಿಕಿತ್ಸೆ ಎಷ್ಟೋ ಸಲ ಹೆಚ್ಚು ಉಪಕಾರ ಮಾಡುತ್ತದೆ.

ಇಲ್ಲಿ ಹೇಳುತ್ತಿರುವುದು ಅಡಿನೊಕಾರ್ಸಿನೋಮಾ ಎಂಬ ಸಾಮಾನ್ಯ ಬಗೆಯ ಬಗ್ಗೆ ಮಾತ್ರ. ಬಯಾಪ್ಸಿ ವರದಿಯಲ್ಲಿ ನ್ಯೂರೋಎಂಡೋಕ್ರೈನ್ ಎಂದಿದ್ದರೆ ಅದು ಬೇರೆಯೇ ಕಾಯಿಲೆ, ಅದರ ಚಿಕಿತ್ಸೆಯೂ ಬೇರೆ.

ತೀರ್ಮಾನಕ್ಕೆ ಮೊದಲು ಕೈಯಲ್ಲಿ ಇರಬೇಕಾದ್ದು

ಸ್ಟೇಜ್ ಎಷ್ಟು ಎಂಬ ಸಂಖ್ಯೆಗಿಂತ, ಗಡ್ಡೆಯು ಪಕ್ಕದ ದೊಡ್ಡ ರಕ್ತನಾಳಗಳನ್ನು ಎಷ್ಟು ಸುತ್ತಿಕೊಂಡಿದೆ ಎಂಬುದೇ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ. ಅದನ್ನು ಆಧರಿಸಿ ವೈದ್ಯರು ನಾಲ್ಕು ಗುಂಪು ಮಾಡುತ್ತಾರೆ: ಈಗಲೇ ತೆಗೆಯಬಹುದಾದ್ದು, ತೆಗೆಯಬಹುದೋ ಇಲ್ಲವೋ ಎಂಬ ಅಂಚಿನಲ್ಲಿರುವುದು, ರಕ್ತನಾಳಕ್ಕೆ ಸುತ್ತಿಕೊಂಡು ತೆಗೆಯಲಾಗದ್ದು, ಲಿವರ್ ಮುಂತಾದ ಕಡೆಗೆ ಹರಡಿದ್ದು. ಇದಕ್ಕೆ ಪ್ಯಾಂಕ್ರಿಯಾಸ್‌ಗೆಂದೇ ಹೊಂದಿಸಿ ಮಾಡುವ ಸಿ.ಟಿ. ಸ್ಕ್ಯಾನ್ ಬೇಕು. ಸಾಧ್ಯವಾದರೆ ಅದು ಸ್ಟೆಂಟ್ ಹಾಕುವ ಮೊದಲೇ ಆಗಲಿ. ಸ್ಟೆಂಟ್ ಹಾಕಿದ ಮೇಲೆ ಸುತ್ತಲಿನ ಊತದಿಂದ ಚಿತ್ರ ಮಸುಕಾಗಿ, ಗಡ್ಡೆಯ ಅಂಚು ಎಲ್ಲಿ ಎಂದು ಹೇಳುವುದು ಕಷ್ಟವಾಗುತ್ತದೆ.

ಈ ಕ್ಯಾನ್ಸರ್ ಇದ್ದಾಗ ಏರಬಹುದಾದ ಸಿಎ 19-9 ಎಂಬ ರಕ್ತಪರೀಕ್ಷೆಯ ಅಂಕಿ ನೋಡಿ ಕೂಡಲೇ ಕುಗ್ಗಬೇಡಿ. ಪಿತ್ತನಾಳ ಕಟ್ಟಿ ಕಾಮಾಲೆ ಆಗಿದ್ದರೆ ಅದು ಸುಮ್ಮಸುಮ್ಮನೆ ಏರುತ್ತದೆ. ಕಾಮಾಲೆ ಇಳಿದ ಮೇಲಿನ ಅಂಕಿಯನ್ನೇ ಹೋಲಿಕೆಗೆ ಆಧಾರವಾಗಿ ಇಟ್ಟುಕೊಳ್ಳಬೇಕು. ಕೆಲವರ ದೇಹ ಹುಟ್ಟಿನಿಂದಲೇ ಈ ಅಂಶವನ್ನು ತಯಾರಿಸುವುದಿಲ್ಲ. ಅಂಥವರಲ್ಲಿ ಕಾಯಿಲೆ ಮುಂದುವರಿದಿದ್ದರೂ ಅಂಕಿ ಕಡಿಮೆಯೇ ಇರುತ್ತದೆ.

ಇನ್ನೆರಡು ಪರೀಕ್ಷೆಗಳನ್ನು ನೀವಾಗಿಯೇ ಕೇಳಿ. ಒಂದು, ಬಿಆರ್‌ಸಿಎ 1, ಬಿಆರ್‌ಸಿಎ 2, ಪಿಎಎಲ್‌ಬಿ2 ಮುಂತಾದ ವಂಶವಾಹಿ ದೋಷಗಳ ಪರೀಕ್ಷೆ. ಮನೆತನದಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲದಿದ್ದರೂ ಇದು ಬೇಕು. ದೋಷ ಇದ್ದರೆ ಪ್ಲಾಟಿನಂ ಜಾತಿಯ ಔಷಧಗಳು ಹೆಚ್ಚು ಕೆಲಸ ಮಾಡುವ ಸಾಧ್ಯತೆ ಇದೆ. ಮಕ್ಕಳು, ಒಡಹುಟ್ಟಿದವರು ತಪಾಸಣೆ ಮಾಡಿಸಿಕೊಳ್ಳಬೇಕೋ ಎಂಬುದೂ ಇದರಿಂದ ತಿಳಿಯುತ್ತದೆ. ಇನ್ನೊಂದು, ಡಿಪಿವೈಡಿ ಪರೀಕ್ಷೆ. 5-ಎಫ್‌ಯು ಎಂಬ ಔಷಧವನ್ನು ಒಡೆಯುವ ಕಿಣ್ವ ಕೆಲವರಲ್ಲಿ ಕಡಿಮೆ ಇರುತ್ತದೆ. ಅಂಥವರಿಗೆ ಮಾಮೂಲಿ ಡೋಸೇ ಪ್ರಾಣಾಪಾಯ ತರಬಹುದು.

ಮೊದಲು ಆಪರೇಷನ್ನೋ, ಕೀಮೋನೋ

ಗಡ್ಡೆ ಅಂಚಿನಲ್ಲಿದ್ದರೆ ಉತ್ತರ ಬಹುಮಟ್ಟಿಗೆ ಸ್ಪಷ್ಟ: ಮೊದಲು ಕೀಮೋ, ಆಮೇಲೆ ಮತ್ತೆ ಸ್ಕ್ಯಾನ್, ಆಮೇಲೆ ಆಪರೇಷನ್ನಿನ ಮಾತು. ಈಗಲೇ ತೆಗೆಯಬಹುದಾದ ಗಡ್ಡೆಯಲ್ಲಿ ಎರಡು ಕ್ರಮಗಳೂ ಒಪ್ಪಿತ, ತಜ್ಞರ ನಡುವಿನ ವಾದ ಇನ್ನೂ ತೀರಿಲ್ಲ. ಆಪರೇಷನ್ ಮೊದಲಾದರೆ ಗಡ್ಡೆ ಹೊರಬಂತು ಎಂಬ ನೆಮ್ಮದಿ ಬೇಗ ಸಿಗುತ್ತದೆ. ಆದರೆ ಪ್ಯಾಂಕ್ರಿಯಾಸ್‌ನ ತಲೆಭಾಗವನ್ನು ಸಣ್ಣಕರುಳಿನ ಮೊದಲ ಭಾಗದೊಂದಿಗೆ ತೆಗೆಯುವ ವಿಪಲ್ ಆಪರೇಷನ್ ದೊಡ್ಡದು. ಚೇತರಿಸಿಕೊಳ್ಳಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಸೋರಿಕೆ, ಸೋಂಕು, ಹೊಟ್ಟೆ ಖಾಲಿಯಾಗದೆ ಬರುವ ವಾಂತಿ ಇವುಗಳಿಂದ ತಡವಾಗಿ, ಆಮೇಲಿನ ಕೀಮೋ ಪೂರ್ತಿ ಪಡೆಯಲಾಗದವರು ಕಡಿಮೆಯಲ್ಲ. ಆ ಕೀಮೋ ಬಿಟ್ಟುಕೊಡುವಂಥದ್ದೂ ಅಲ್ಲ. 2018ರಲ್ಲಿ ಪ್ರಕಟವಾದ ಪ್ರೊಡೀಜ್ 24 ಅಧ್ಯಯನದಲ್ಲಿ, ಆಪರೇಷನ್ ನಂತರ ನಾಲ್ಕು ಔಷಧದ ಕೀಮೋ ಪಡೆದವರ ಮಧ್ಯಮ ಬದುಕು 54.4 ತಿಂಗಳು, ಜೆಮ್‌ಸಿಟಬಿನ್ ಒಂದನ್ನೇ ಪಡೆದವರದು 35 ತಿಂಗಳು. ಮಧ್ಯಮ ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದರ್ಥ. ಅದು ಯಾರೊಬ್ಬರಿಗೂ ಕೊಟ್ಟ ಗಡುವಲ್ಲ. ಆ ಅಧ್ಯಯನಕ್ಕೆ ಸೇರಿದವರು ಆಪರೇಷನ್ನಿನಿಂದ ಚೆನ್ನಾಗಿ ಚೇತರಿಸಿಕೊಂಡಿದ್ದವರು ಎಂಬುದೂ ನೆನಪಿರಲಿ.

ಸರ್ಜನ್ ಬಳಿ ಕೇಳಬೇಕಾದ್ದು ಎರಡೇ. ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ನಡೆಯುತ್ತವೆ? ಮಧ್ಯರಾತ್ರಿ ಒಳಗೆ ರಕ್ತಸ್ರಾವವಾದರೆ ರಕ್ತನಾಳದ ಮೂಲಕವೇ ಅದನ್ನು ನಿಲ್ಲಿಸುವ ರೇಡಿಯಾಲಜಿ ತಂಡ ಕೈಗೆಟಕುವಂತೆ ಇದೆಯೇ? ವಿಪಲ್‌ನಲ್ಲಿ ತೊಡಕುಗಳು ಎಲ್ಲ ಕಡೆಯೂ ಆಗುತ್ತವೆ. ಆದಾಗ ಉಳಿಸಿಕೊಳ್ಳುವ ಸಿದ್ಧತೆಯಲ್ಲಿ ಆಸ್ಪತ್ರೆ ಆಸ್ಪತ್ರೆಗೆ ಅಜಗಜಾಂತರವಿದೆ.

ನಾಲ್ಕು ಔಷಧದ ಕೀಮೋ, ಎರಡು ಔಷಧದ ಕೀಮೋ

ಫೋಲ್ಫಿರಿನಾಕ್ಸ್ ಎಂದರೆ 5-ಎಫ್‌ಯು, ಲ್ಯೂಕೊವೊರಿನ್, ಇರಿನೊಟೆಕಾನ್, ಆಕ್ಸಾಲಿಪ್ಲಾಟಿನ್. ಹರಡಿದ ಕಾಯಿಲೆಯಲ್ಲಿ 2011ರ ಅಧ್ಯಯನ ಮಧ್ಯಮ ಬದುಕು ಇದಕ್ಕೆ 11.1 ತಿಂಗಳು, ಜೆಮ್‌ಸಿಟಬಿನ್ ಒಂದಕ್ಕೇ 6.8 ತಿಂಗಳು ಎಂದಿತು. ಜೆಮ್‌ಸಿಟಬಿನ್ ಜೊತೆ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಸೇರಿಸಿದ (ಚಿಕ್ಕದಾಗಿ ಜೆಮ್-ನ್ಯಾಬ್) 2013ರ ಅಧ್ಯಯನದಲ್ಲಿ 8.5 ತಿಂಗಳು, ಜೆಮ್‌ಸಿಟಬಿನ್ ಒಂದಕ್ಕೇ 6.7. ಈ 11.1 ಮತ್ತು 8.5ನ್ನು ಪಕ್ಕಪಕ್ಕ ಇಟ್ಟು ತೂಗುವುದು ಸರಿಯಲ್ಲ. ಮೊದಲನೆಯದಕ್ಕೆ 75 ದಾಟಿದವರನ್ನು ಸೇರಿಸಿಕೊಂಡಿರಲಿಲ್ಲ, ಓಡಾಡಿಕೊಂಡು ಗಟ್ಟಿಯಾಗಿದ್ದವರೇ ಇದ್ದರು. ಎರಡನೆಯದರಲ್ಲಿ ಇನ್ನಷ್ಟು ವಯಸ್ಸಾದವರೂ ನಿಶ್ಶಕ್ತರೂ ಇದ್ದರು. ನೇರ ಹೋಲಿಕೆ ಎಂದರೆ 2023ರ ನಪೋಲಿ-3 ಅಧ್ಯಯನ. ಅದರಲ್ಲಿ ಫೋಲ್ಫಿರಿನಾಕ್ಸ್‌ನ ಹತ್ತಿರದ ಸಂಬಂಧಿಯಾದ ನಾಲಿರಿಫಾಕ್ಸ್‌ಗೆ 11.1, ಜೆಮ್-ನ್ಯಾಬ್‌ಗೆ 9.2 ತಿಂಗಳು. ವ್ಯತ್ಯಾಸ ಇದೆ, ಆದರೆ ನಿಶ್ಶಕ್ತರ ಮೇಲೆ ನಾಲ್ಕು ಔಷಧಗಳನ್ನು ಹೇರುವಷ್ಟು ದೊಡ್ಡದಲ್ಲ.

ದಿನಚರಿ ಹೀಗಿರುತ್ತದೆ. ಫೋಲ್ಫಿರಿನಾಕ್ಸ್ 14 ದಿನಕ್ಕೊಮ್ಮೆ. ಒಂದಿಡೀ ದಿನ ಆಸ್ಪತ್ರೆಯಲ್ಲಿ, ಆಮೇಲೆ 46 ಗಂಟೆ ಪಂಪ್ ಕಟ್ಟಿಕೊಂಡು ಮನೆಯಲ್ಲಿ, ಮೂರನೆಯ ದಿನ ಪಂಪ್ ಬಿಚ್ಚಿಸಲು ಮತ್ತೆ ಹೋಗಬೇಕು. 28 ದಿನಕ್ಕೆ ನಾಲ್ಕು ಓಡಾಟ. ಜೆಮ್-ನ್ಯಾಬ್ 1, 8, 15ನೇ ದಿನ. ಎರಡು ಔಷಧಗಳೂ ಅರ್ಧರ್ಧ ಗಂಟೆಯ ಡ್ರಿಪ್, ನಾಲ್ಕನೇ ವಾರ ಬಿಡುವು. 28 ದಿನಕ್ಕೆ ಮೂರು ಓಡಾಟ, ಮನೆಯಲ್ಲಿ ಪಂಪ್ ಇಲ್ಲ. ಎರಡರಲ್ಲೂ ರಕ್ತಪರೀಕ್ಷೆಯ ಓಡಾಟ ಬೇರೆ. ಆಸ್ಪತ್ರೆ ದೂರವಿದ್ದು, ಜೊತೆಗೆ ಬರುವವರು ಒಬ್ಬರೇ ಆಗಿದ್ದು, ಅವರಿಗೂ ಕೆಲಸವಿದ್ದರೆ ಈ ಲೆಕ್ಕವನ್ನು ನಾಚಿಕೆಯಿಲ್ಲದೆ ವೈದ್ಯರ ಮುಂದಿಡಿ.

ಪಂಪ್‌ಗೆ ಎದೆಯ ಚರ್ಮದ ಕೆಳಗೆ ಕೂರಿಸುವ ಪೋರ್ಟ್ ಅಥವಾ ತೋಳಿನಲ್ಲಿ ಇಡುವ ಪಿಕ್ ಲೈನ್ ಬೇಕೇ ಬೇಕು. ಪಿಕ್‌ಗೆ ವಾರಕ್ಕೊಮ್ಮೆ ಡ್ರೆಸಿಂಗ್, ಸ್ನಾನದಲ್ಲಿ ನೀರು ತಾಗದಂತೆ ಕಾಯುವ ಕೆಲಸ. ತಿಂಗಳುಗಟ್ಟಲೆ ಕೀಮೋ ಇದೆ ಎಂದಾದರೆ ಪೋರ್ಟ್ ನೆಮ್ಮದಿ.

ಬಲೂನಿನಂಥ ಪಂಪ್ ಗಂಟೆಗಂಟೆಗೂ ಕಾಣುವಂತೆ ಕುಗ್ಗುವುದಿಲ್ಲ. ಬೆಳಿಗ್ಗೆ ಸಂಜೆ ನೋಡಿದರೆ ಸಾಕು. ಒಂದು ದಿನ ಕಳೆದರೂ ಗಾತ್ರ ಹಾಗೇ ಇದ್ದರೆ ಕೊಳವೆ ಮಡಚಿದೆಯೇ, ಕ್ಲ್ಯಾಂಪ್ ಮುಚ್ಚಿದೆಯೇ ನೋಡಿ ಫೋನ್ ಮಾಡಿ. ಸೋರಿದರೆ ಗ್ಲೌಸ್ ಹಾಕಿಕೊಂಡು ಕ್ಲ್ಯಾಂಪ್ ಮುಚ್ಚಿ, ತಾಗಿದ ಚರ್ಮವನ್ನು ಸೋಪು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ತಿಳಿಸಿ. ಕೀಮೋ ಮುಗಿದು ಕನಿಷ್ಠ 48 ಗಂಟೆ ವಾಂತಿ, ಮಲಮೂತ್ರ, ಒದ್ದೆ ಬಟ್ಟೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಅಡ್ಡಪರಿಣಾಮಗಳ ಸ್ವಭಾವವೂ ಬೇರೆ ಬೇರೆ. ಆಕ್ಸಾಲಿಪ್ಲಾಟಿನ್ ಪಡೆದ ಮೇಲೆ ಕೆಲವು ದಿನ ತಂಪು ತಗುಲಿದರೆ ಬೆರಳಲ್ಲಿ ಕರೆಂಟ್ ಹೊಡೆದಂತಾಗುತ್ತದೆ. ತಣ್ಣೀರು ಕುಡಿದರೆ ಗಂಟಲು ಹಿಡಿದು ಉಸಿರು ನಿಂತಂತೆ ಭಾಸವಾಗುತ್ತದೆ. ಬೆಚ್ಚಗಿನದನ್ನು ಗುಟುಕರಿಸಿದರೆ ಅದು ಬಿಡುತ್ತದೆ. ಮೈಯಲ್ಲಿ ದದ್ದು, ತುಟಿ ಊತ, ನಿಜವಾದ ಏದುಸಿರು ಇದ್ದರೆ ಅದು ಅಲರ್ಜಿ. ತಡಮಾಡದೆ ತುರ್ತು ಚಿಕಿತ್ಸೆಗೆ ಓಡಬೇಕು. ಫ್ರಿಜ್‌ನಿಂದ ತೆಗೆದುಕೊಡುವ ಕೆಲಸ ಆ ವಾರ ಬೇರೆಯವರದು.

ಇರಿನೊಟೆಕಾನ್‌ನ ಭೇದಿ ಎರಡು ಬಗೆ. ಡ್ರಿಪ್ ನಡೆಯುವಾಗ ಅಥವಾ ಅದೇ ದಿನ ಬೆವರು, ಜೊಲ್ಲು, ಹೊಟ್ಟೆ ಮುರಿತದ ಜೊತೆ ಬರುವುದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ, ನರ್ಸ್‌ಗೆ ಕೂಡಲೇ ಹೇಳಿ. ಕೆಲವು ದಿನ ಬಿಟ್ಟು ಮನೆಯಲ್ಲಿ ಶುರುವಾಗುವುದೇ ಹೆಚ್ಚು ಅಪಾಯದ್ದು. ಅದಕ್ಕೆ ಮೊದಲ ಸಡಿಲ ಮಲಕ್ಕೇ ಲೋಪೆರಮೈಡ್ 4 ಮಿ.ಗ್ರಾಂ., ಆಮೇಲೆ ಎರಡು ಗಂಟೆಗೊಮ್ಮೆ 2 ಮಿ.ಗ್ರಾಂ., ಭೇದಿ ನಿಂತು 12 ಗಂಟೆ ಆಗುವವರೆಗೆ ಎಂಬುದು ಸಾಮಾನ್ಯ ಕ್ರಮ. ಮಾತ್ರೆಯ ಚೀಟಿಯಲ್ಲಿರುವ ದಿನದ ಮಿತಿಯನ್ನು ಇದು ಮೀರಬಹುದು, ಹಾಗಾಗಿ ನಿಮ್ಮ ವೈದ್ಯರಿಂದ ಇದನ್ನು ಬರೆಸಿಕೊಂಡೇ ಮನೆಗೆ ಬನ್ನಿ. ಜ್ವರವೂ ಇದ್ದರೆ, ಅಥವಾ 24 ಗಂಟೆಯಲ್ಲಿ ನಿಲ್ಲದಿದ್ದರೆ ಮನೆಮದ್ದಿನ ಮಾತೇ ಬೇಡ, ಆಸ್ಪತ್ರೆಗೆ ಹೊರಡಿ.

ಕೂದಲು ಹೋಗುವುದು ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಹೆಚ್ಚು. ಕೈಕಾಲು ಜೋಮು ಎರಡರಲ್ಲೂ ಬರುತ್ತದೆ. ಆದರೆ ನ್ಯಾಬ್‌ನ ಜೋಮು ಔಷಧ ತಡೆದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯತೊಡಗುತ್ತದೆ. ಆಕ್ಸಾಲಿಪ್ಲಾಟಿನ್‌ನದು ಔಷಧ ನಿಂತ ಮೇಲೂ ಕೆಲವು ತಿಂಗಳು ಹೆಚ್ಚುತ್ತಾ ಹೋಗಬಹುದು. ರೋಗಿಗಳು ಇದನ್ನು ಮುಚ್ಚಿಡುತ್ತಾರೆ, ಹೇಳಿದರೆ ಕೀಮೋ ನಿಲ್ಲಿಸಿಬಿಡುತ್ತಾರೆ ಎಂಬ ಭಯ. ಮನೆಯವರೇ ಗಮನಿಸಿ: ಅಂಗಿಯ ಗುಂಡಿ ಹಾಕಲು ತಡವರಿಸುತ್ತಾರೆಯೇ, ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗುತ್ತಿಲ್ಲವೇ? ಆ ಹಂತದಲ್ಲೇ ಹೇಳಿದರೆ ಡೋಸ್ ಇಳಿಸಿ, ಅಥವಾ ಆ ಒಂದು ಔಷಧವನ್ನಷ್ಟೇ ಬಿಟ್ಟು, ಉಳಿದದ್ದನ್ನು ಮುಂದುವರಿಸುತ್ತಾರೆ.

ಯಾವ ಕೀಮೋ ಆದರೂ ಥರ್ಮಾಮೀಟರ್ ಕೈಗೆ ಸಿಗುವಲ್ಲಿ ಇರಲಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಬೇಕು. ಅಳೆಯುವ ಮೊದಲು ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಅಡಗಿ, ಬಿಳಿರಕ್ತಕಣ ಕುಸಿದ ವೇಳೆಯ ಸೋಂಕು ಗೊತ್ತೇ ಆಗದೆ ಬೆಳೆಯುತ್ತದೆ. ಜೆಮ್‌ಸಿಟಬಿನ್ ತಾನೇ ಒಂದೆರಡು ದಿನ ಫ್ಲೂನಂಥ ಜ್ವರ ತರುತ್ತದೆ ಎಂಬುದು ನಿಜ. ಅದು ಯಾವ ಜ್ವರ ಎಂದು ತೀರ್ಮಾನಿಸುವವರು ರಕ್ತಪರೀಕ್ಷೆ ನೋಡಿದ ವೈದ್ಯರು, ಮನೆಯವರಲ್ಲ.

ಕಾಮಾಲೆಗೆ: ಪ್ಲಾಸ್ಟಿಕ್, ಲೋಹ, ಹೊರಚೀಲ

ಆಪರೇಷನ್ ಕೆಲವೇ ದಿನಗಳಲ್ಲಿ ಇದ್ದು, ಬಿಲಿರುಬಿನ್ (ಕಾಮಾಲೆಯ ಹಳದಿಗೆ ಕಾರಣವಾದ ರಕ್ತದ ಅಂಶ) ತೀರಾ ಏರಿಲ್ಲದಿದ್ದರೆ ಸ್ಟೆಂಟ್ ಇಲ್ಲದೆ ನೇರ ಆಪರೇಷನ್ನಿಗೆ ಹೋಗುವುದೇ ಮೇಲು. 2010ರ ಒಂದು ಅಧ್ಯಯನದಲ್ಲಿ ಮೊದಲು ಸ್ಟೆಂಟ್ ಹಾಕಿಸಿಕೊಂಡವರಲ್ಲಿ 74 ಶೇಕಡಾ ಮಂದಿಗೆ ಗಂಭೀರ ತೊಡಕುಗಳಾದವು, ನೇರ ಹೋದವರಲ್ಲಿ 39 ಶೇಕಡಾ. ಕೀಮೋ ಮೊದಲು ಎಂದಾದರೆ ಮಾತು ತಿರುಗುತ್ತದೆ. ಇರಿನೊಟೆಕಾನ್ ಹೊರಹೋಗುವುದು ಪಿತ್ತದ ಮೂಲಕ. ನಾಳ ಕಟ್ಟಿದ್ದರೆ ಔಷಧ ಮೈಯಲ್ಲೇ ಉಳಿದು ವಿಷವಾಗುತ್ತದೆ. ಆಗ ಸ್ಟೆಂಟ್ ಬೇಕೇ ಬೇಕು.

ಪ್ಲಾಸ್ಟಿಕ್ ಸ್ಟೆಂಟಿನ ಅಗಲ ಸುಮಾರು 3 ಮಿ.ಮೀ., ಮೂರು ತಿಂಗಳ ಸುಮಾರಿಗೆ ಗಸಿ ಕಟ್ಟುತ್ತದೆ. ಲೋಹದ್ದು ಒಳಗೆ ಹೋಗಿ 8ರಿಂದ 10 ಮಿ.ಮೀ.ವರೆಗೆ ತಾನೇ ಅರಳುತ್ತದೆ, ಬಾಳಿಕೆಯೂ ಹೆಚ್ಚು. ಬೆಲೆ ನೋಡಿ ಪ್ಲಾಸ್ಟಿಕ್ ಆರಿಸಿದವರು ಅದು ಕಟ್ಟಿದಾಗ ಮತ್ತೊಂದು ಎಂಡೋಸ್ಕೋಪಿ, ಆಸ್ಪತ್ರೆವಾಸ, ಮುಂದೆ ಹೋದ ಕೀಮೋ ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಕೀಮೋ ತಿಂಗಳುಗಳ ಕಾಲ ನಡೆಯುವುದಾದರೆ ಲೋಹದ್ದೇ ಸರಿ. ಮುಂದೆ ಆಪರೇಷನ್ ಸಾಧ್ಯತೆ ಇದ್ದರೂ ಚಿಕ್ಕ ಲೋಹದ ಸ್ಟೆಂಟ್ ಅಡ್ಡಿಯಾಗುವುದಿಲ್ಲ. ಎಂಡೋಸ್ಕೋಪಿಯಿಂದ ಆಗದಿದ್ದಾಗ ಪಕ್ಕೆಯಿಂದ ಲಿವರ್‌ಗೆ ಕೊಳವೆ ಹಾಕಿ ಪಿತ್ತವನ್ನು ಹೊರಚೀಲಕ್ಕೆ ಬಿಡುತ್ತಾರೆ. ಜೀವ ಉಳಿಸುವ ದಾರಿ ಇದು, ಆದರೆ ಪಿತ್ತದ ಜೊತೆ ನೀರು, ಲವಣ ಹೋಗುವುದರಿಂದ ದಿನದ ಅಳತೆ ಬರೆದಿಟ್ಟು ಅದಕ್ಕೆ ತಕ್ಕಂತೆ ಕುಡಿಸಬೇಕು.

ಯಾವ ಸ್ಟೆಂಟ್ ಆದರೂ ಗಡಗಡ ನಡುಗಿಸುವ ಚಳಿ ಜ್ವರ ಬಂದರೆ, ಮೂತ್ರ ಮತ್ತೆ ಕಡುಬಣ್ಣಕ್ಕೆ ತಿರುಗಿದರೆ, ಮೈ ಕೆರೆತ ಮರಳಿದರೆ ಅದು ಕಟ್ಟಿದೆ ಎಂದೇ ತಿಳಿಯಿರಿ. ನಡುಕದ ಜ್ವರಕ್ಕೆ ಬೆಳಗಾಗುವವರೆಗೆ ಕಾಯಬಾರದು. ಪಿತ್ತನಾಳದ ಸೋಂಕು ಗಂಟೆಗಳಲ್ಲೇ ರಕ್ತಕ್ಕೆ ಹರಡುತ್ತದೆ.

ಊಟ ಮತ್ತು ಕಿಣ್ವ: ಮನೆಯಲ್ಲೇ ಗೆಲ್ಲಬಹುದಾದ ಭಾಗ

ಈ ಕಾಯಿಲೆಯಲ್ಲಿ ತೂಕ ಇಳಿಯುವುದು ಬರೀ ಹಸಿವಿಲ್ಲದೆ ಅಲ್ಲ. ತಿಂದದ್ದು ಜೀರ್ಣವಾಗದೆ ಹೋಗುವುದರಿಂದಲೂ. ಮಲ ಮಾಸಲು ಬಣ್ಣದಲ್ಲಿ, ಜಿಡ್ಡುಜಿಡ್ಡಾಗಿ, ಕೆಟ್ಟ ವಾಸನೆಯಿಂದ, ನೀರು ಬಿಟ್ಟರೂ ಹೋಗದೆ ತೇಲುತ್ತಿದ್ದರೆ ಕೊಬ್ಬು ಹಾಗೇ ಹೊರಹೋಗುತ್ತಿದೆ ಎಂದರ್ಥ. ಮನೆಯವರು ಆಗ ಎಣ್ಣೆ ಬೆಣ್ಣೆ ನಿಲ್ಲಿಸಿ ಸಪ್ಪೆ ಗಂಜಿಗೆ ಇಳಿಸುತ್ತಾರೆ. ಮಲ ಸುಧಾರಿಸಿದಂತೆ ಕಾಣುತ್ತದೆ, ರೋಗಿ ಮಾತ್ರ ಸೊರಗುತ್ತಾರೆ. ಕೊಬ್ಬನ್ನು ಕಡಿಮೆ ಮಾಡುವುದು, ಕಿಣ್ವದ ಕ್ಯಾಪ್ಸೂಲ್ ಕೊಡುವುದು – ಇವೆರಡರಲ್ಲಿ ಯಾವುದು ಎಂದರೆ ಅನುಮಾನವಿಲ್ಲದೆ ಕ್ಯಾಪ್ಸೂಲ್.

ಸಾಮಾನ್ಯವಾಗಿ ಊಟಕ್ಕೆ 40,000ದಿಂದ 50,000 ಲೈಪೇಸ್ (ಕೊಬ್ಬು ಜೀರ್ಣಿಸುವ ಕಿಣ್ವ) ಯೂನಿಟ್, ಸಣ್ಣ ತಿಂಡಿಗೆ ಅದರ ಅರ್ಧದಿಂದ ಶುರು ಮಾಡುತ್ತಾರೆ. 25,000ದ ಕ್ಯಾಪ್ಸೂಲ್ ಆದರೆ ಮೊದಲ ತುತ್ತಿನ ಜೊತೆ ಒಂದು, ಊಟದ ನಡುವೆ ಇನ್ನೊಂದು. ಹಾಲು, ಪೌಷ್ಟಿಕ ಪಾನೀಯಕ್ಕೂ ಬೇಕು, ಬರೀ ನೀರಿಗೆ ಬೇಡ. ನುಂಗಲಾಗದಿದ್ದರೆ ಬಿಚ್ಚಿ ಒಳಗಿನ ಕಾಳುಗಳನ್ನು ಹುಳಿಯಾದ ಹಣ್ಣಿನ ತಿರುಳಿಗೆ ಸೇರಿಸಿ, ಅಗಿಯದೆ ನುಂಗಿಸಿ ಬಾಯಿ ಮುಕ್ಕಳಿಸಬೇಕು; ಕಾಳು ಬಾಯಲ್ಲೇ ಉಳಿದರೆ ಹುಣ್ಣಾಗುತ್ತದೆ. ಬಿಸಿ ಆಹಾರಕ್ಕೆ ಬೆರೆಸಿದರೆ ಕಿಣ್ವ ಸತ್ತುಹೋಗುತ್ತದೆ.

ಕ್ಯಾಪ್ಸೂಲ್ ಕೆಲಸ ಮಾಡಲಿಲ್ಲ ಎಂದು ಬಿಡುವ ಮೊದಲು ಇಷ್ಟು ನೋಡಿ. ಊಟ ಮುಗಿದ ಮೇಲೆ ಕೊಡುತ್ತಿದ್ದೀರಾ? ದಿನಕ್ಕೆ ಮೂರೇ ಎಂದು ಲೆಕ್ಕ ಹಿಡಿದು, ನಡುವಿನ ತಿಂಡಿಗೆ ಕೊಡದೆ ಇದ್ದೀರಾ? ಡಬ್ಬಿ ಬಿಸಿಲು ಬೀಳುವ ಕಿಟಕಿಯ ಬಳಿ ಇದೆಯೇ? ಇವೆಲ್ಲ ಸರಿಯಿದ್ದೂ ಫಲ ಕಾಣದಿದ್ದರೆ ವೈದ್ಯರು ಡೋಸ್ ಏರಿಸುತ್ತಾರೆ, ಇಲ್ಲವೇ ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ ಸೇರಿಸುತ್ತಾರೆ. ಈ ಕಿಣ್ವ ತಯಾರಾಗುವುದು ಹಂದಿಯ ಪ್ಯಾಂಕ್ರಿಯಾಸ್‌ನಿಂದ. ಅದನ್ನು ರೋಗಿಯಿಂದ ಮುಚ್ಚಿಡದೆ ಹೇಳಿ, ತೀರ್ಮಾನ ಅವರಿಗೇ ಬಿಡಿ.

ಮೂರು ದೊಡ್ಡ ಊಟಕ್ಕಿಂತ ಆರೇಳು ಸಣ್ಣ ಊಟ ಸೇರುತ್ತದೆ. ತೂಕ ವಾರಕ್ಕೊಮ್ಮೆ ಸಾಕು, ಆದರೆ ಕಾಲು ಊದಿದ್ದರೆ ಅಥವಾ ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತೂಕದ ಅಂಕಿಯನ್ನು ನಂಬಬೇಡಿ. ಸಕ್ಕರೆ ಕಾಯಿಲೆ ಜೊತೆಗೂಡಿದ್ದರೆ ಸಿಹಿ ಪೂರ್ತಿ ನಿಲ್ಲಿಸುವುದಕ್ಕಿಂತ ಇನ್ಸುಲಿನ್ ಹೊಂದಿಸುವುದು ಲೇಸು. ವಾಂತಿ ತಡೆಯಲು ಕೊಡುವ ಡೆಕ್ಸಮೆಥಸೋನ್‌ನಿಂದ ಕೀಮೋ ಆದ ಎರಡು ಮೂರು ದಿನ ಸಕ್ಕರೆ ಏರುತ್ತದೆ. ಆಮೇಲೆ ಊಟ ಸೇರದ ದಿನಗಳಲ್ಲಿ ಅದೇ ಇನ್ಸುಲಿನ್ ಡೋಸ್ ಚುಚ್ಚಿದರೆ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಉಣ್ಣದಿದ್ದರೆ ಎಷ್ಟು ಯೂನಿಟ್ ಎಂದು ಮೊದಲೇ ಬರೆಸಿಟ್ಟುಕೊಳ್ಳಿ.

ನೋವಿಗೆ: ಮಾತ್ರೆ, ಪ್ಯಾಚ್, ನರದ ಬ್ಲಾಕ್

ಹೊಟ್ಟೆಯಿಂದ ಬೆನ್ನಿಗೆ ಹಾಯುವ, ಅಂಗಾತ ಮಲಗಿದರೆ ಹೆಚ್ಚಿ ಮುಂದಕ್ಕೆ ಬಾಗಿ ಕೂತರೆ ತುಸು ಇಳಿಯುವ ನೋವು ಇದು. ಡೋಸ್ ಹೊಂದಿಸುವ ಹಂತದಲ್ಲಿ ಮಾರ್ಫಿನ್ ಮಾತ್ರೆಯೇ ಅನುಕೂಲ, ಬೇಗ ಏರಿಸಬಹುದು ಇಳಿಸಬಹುದು. ಕಿಡ್ನಿ ಸೋತಿದ್ದರೆ ಮಾರ್ಫಿನ್ ಮೈಯಲ್ಲಿ ಶೇಖರವಾಗುವುದರಿಂದ ಬೇರೆ ಔಷಧ ಬೇಕಾಗುತ್ತದೆ. ಫೆಂಟನಿಲ್ ಪ್ಯಾಚ್ ವಾಂತಿ ಇರುವವರಿಗೆ ಒಳ್ಳೆಯದು, 72 ಗಂಟೆಗೊಮ್ಮೆ ಬದಲಿಸುವುದು. ಆದರೆ ಅಂಟಿಸಿದ ಮೊದಲ 12ರಿಂದ 24 ಗಂಟೆ ಅದರ ಪೂರ್ತಿ ಬಲ ಸಿಗುವುದಿಲ್ಲ, ಆ ನಡುವಿಗೆ ಮಾತ್ರೆ ಬೇಕು. ಜ್ವರ ಅಥವಾ ಬಿಸಿನೀರಿನ ಚೀಲದ ಕಾವಿನಿಂದ ಔಷಧ ಒಮ್ಮೆಲೇ ಹೆಚ್ಚು ಒಳಸೇರಿ ಉಸಿರು ಕುಗ್ಗಬಹುದು. ಇಂಥ ಮದ್ದು ಹಿಂದೆ ಪಡೆದೇ ಇಲ್ಲದವರಿಗೆ ಪ್ಯಾಚ್‌ನಿಂದ ಶುರು ಮಾಡುವಂತಿಲ್ಲ.

ಮಾತ್ರೆಯಾದರೂ ಪ್ಯಾಚ್ ಆದರೂ ಮಲಬದ್ಧತೆ ಖಂಡಿತ, ಹಾಗಾಗಿ ಮಲ ಸಡಿಲಿಸುವ ಮದ್ದು ಮೊದಲ ದಿನದಿಂದಲೇ ಇರಲಿ.

ಸೀಲಿಯಾಕ್ ಬ್ಲಾಕ್ ಎಂದರೆ ಹೊಟ್ಟೆಯ ಹಿಂದಿನ ನರಜಾಲಕ್ಕೆ ಆಲ್ಕೋಹಾಲ್ ಚುಚ್ಚಿ ನೋವಿನ ಸಂದೇಶ ತಡೆಯುವುದು. ಬಿಪಿ ತಾತ್ಕಾಲಿಕವಾಗಿ ಇಳಿಯಬಹುದು, ಕೆಲವು ದಿನ ಭೇದಿ ಆಗಬಹುದು. ಇದನ್ನು ಎಲ್ಲ ಮುಗಿದ ಮೇಲಿನ ದಾರಿ ಎಂದು ಇಟ್ಟುಕೊಳ್ಳಬೇಡಿ. ಮಾರ್ಫಿನ್ ಡೋಸ್ ಏರುತ್ತಾ, ರೋಗಿ ಮಂಪರಿನಲ್ಲೇ ಇರುವಂತಾಗುತ್ತಿದ್ದರೆ ಆಗಲೇ ಕೇಳಿ.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು ಬರುವುದು ಸುಸ್ತಿನ ಲಕ್ಷಣವಲ್ಲ. ಈ ಕ್ಯಾನ್ಸರ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಬಹಳ ಸಾಮಾನ್ಯ, ಕಾಲಿಗೆ ಎಣ್ಣೆ ಹಚ್ಚಿ ತಿಕ್ಕದೆ ಅದೇ ದಿನ ಸ್ಕ್ಯಾನ್ ಮಾಡಿಸಿ.

ಮುಂದುವರಿಸುವುದೋ, ನಿಲ್ಲಿಸುವುದೋ

ನರಳಾಟ ತಗ್ಗಿಸುವ ಪ್ಯಾಲಿಯೇಟಿವ್ ತಂಡವನ್ನು ಕೀಮೋ ಜೊತೆಗೇ, ಮೊದಲಿನಿಂದಲೇ ಸೇರಿಸಿಕೊಳ್ಳಬಹುದು, ಸೇರಿಸಿಕೊಳ್ಳಬೇಕು. ನೋವು, ವಾಂತಿ, ನಿದ್ದೆ, ಮನೆಯವರ ದಣಿವು ಎಲ್ಲ ಅವರ ಕೆಲಸ. ಮೊದಲ ಕೀಮೋ ಕೈಕೊಟ್ಟ ಮೇಲೆ ಎರಡನೆಯದು ಬೇಕೇ ಎಂಬ ಪ್ರಶ್ನೆಗೆ ಸ್ಕ್ಯಾನ್‌ಗಿಂತ ರೋಗಿಯ ಹಗಲೇ ಹೆಚ್ಚು ಉತ್ತರ ಹೇಳುತ್ತದೆ. ಎದ್ದು ಓಡಾಡಿಕೊಂಡಿದ್ದಾರೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ ಎಂದಾದರೆ ಎರಡನೆಯದಕ್ಕೆ ಅರ್ಥವಿದೆ. ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇದ್ದಾರೆ ಎಂದಾದರೆ ಇನ್ನೊಂದು ಕೀಮೋ ಆಯುಸ್ಸು ಕೂಡಿಸುವುದು ಅಪರೂಪ, ಇರುವ ಒಳ್ಳೆಯ ದಿನಗಳನ್ನು ಆಸ್ಪತ್ರೆಯಲ್ಲಿ ಕಳೆಯುವುದು ಮಾತ್ರ ಖಚಿತ. ವೈದ್ಯರನ್ನು ನೇರವಾಗಿ ಕೇಳಿ: ಇದನ್ನು ಕೊಟ್ಟರೆ ಏನು ನಿರೀಕ್ಷಿಸಬಹುದು, ಕೊಡದಿದ್ದರೆ ಮುಂದಿನ ವಾರಗಳು ಹೇಗಿರುತ್ತವೆ? ಕೇಳುವಾಗ ರೋಗಿಯೂ ಅಲ್ಲಿರಲಿ, ತನಗೆ ತಿಳಿಯುವುದೇ ಬೇಡ ಎಂದು ಅವರೇ ಹೇಳಿದ್ದರೆ ಹೊರತು.

ಕೊನೆಯ ದಿನಗಳಿಗೆ ಮನೆಯನ್ನು ಆರಿಸಿದರೆ ಮೊದಲೇ ಕೆಲವನ್ನು ಜೋಡಿಸಿಟ್ಟುಕೊಳ್ಳಬೇಕು: ನುಂಗಲಾಗದಾಗ ಚರ್ಮದ ಕೆಳಗೆ ಕೊಡುವ ನೋವಿನ ಮದ್ದು ಮತ್ತು ಅದನ್ನು ಕೊಡಬಲ್ಲ ನರ್ಸ್, ರಾತ್ರಿ ಕೂರಲು ಸರದಿಯಲ್ಲಿ ಕನಿಷ್ಠ ಇಬ್ಬರು, ಯಾವ ಹೊತ್ತಿಗೂ ಎತ್ತುವ ಒಂದು ಫೋನ್ ನಂಬರ್. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕೊನೆಯ ದಿನಗಳ ಆರೈಕೆಗೆಂದೇ ಇರುವ ಹಾಸ್ಪೈಸ್ ಮೇಲು. ಹಾಗೆ ಆರಿಸಿದ್ದನ್ನು ಕೈಬಿಟ್ಟಂತೆ ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ಮದ್ದಿನ ಹೊಣೆ ಬೇರೆಯವರದಾದಾಗ ಮನೆಯವರು ಪಕ್ಕದಲ್ಲಿ ಕೈಹಿಡಿದು ಕೂರಲು ಬಿಡುವಾಗುತ್ತಾರೆ.